ಅಬ್ರಹಾಮನ ನಂಬಿಕೆ: ಒಂದು ವಾಕ್ಯ, ಎರಡು ವ್ಯಾಖ್ಯಾನ

೧

ಮನುಷ್ಯನಿಗೆ ರಕ್ಷಣೆ ದೊರೆಯುವುದು ನಂಬಿಕೆಯಿಂದಲೇ ಹೊರತು ಧರ್ಮಶಾಸ್ತ್ರದ ವಿಧಿಗಳನ್ನು ಆಚರಿಸುವುದರಿಂದಲ್ಲ ಎಂಬುದು ಕ್ರೈಸ್ತಮತದ ಮೂಲತತ್ತ್ವಗಳಲ್ಲಿ ಒಂದೆಂದು ಆ ಮತವನ್ನು ಕುರಿತ ಗ್ರಂಥಗಳು ಸಾಮಾನ್ಯವಾಗಿ ಹೇಳುತ್ತವೆ. ಇದಕ್ಕೆ ಪ್ರಮಾಣವಾಗಿ ಎತ್ತಿಕೊಳ್ಳುವುದು, ಕ್ರಿ. ಶ. ಒಂದನೆಯ ಶತಮಾನದ ಮಧ್ಯಭಾಗದಲ್ಲಿ ಪೌಲನು ಗಲಾತ್ಯ ಸೀಮೆಯ ಸಭೆಗಳಿಗೂ ರೋಮಾಪುರದ ಕ್ರೈಸ್ತರಿಗೂ ಬರೆದ ಪತ್ರಗಳನ್ನು. ಆದರೆ ಅದೇ ಹೊಸ ಒಡಂಬಡಿಕೆಯಲ್ಲಿ ಸೇರಿರುವ ಯಾಕೋಬನ ಪತ್ರವು, ನೀತಿವಂತನೆನಿಸುವುದಕ್ಕೆ ಬರಿಯ ನಂಬಿಕೆ ಸಾಲದು, ಕ್ರಿಯೆಗಳೂ ಬೇಕು ಎಂದು ಅಷ್ಟೇ ನಿಸ್ಸಂದಿಗ್ಧವಾಗಿ ಸಾರುತ್ತದೆ. ಇನ್ನೂ ಆಶ್ಚರ್ಯಕರವಾದುದೆಂದರೆ, ಇಬ್ಬರೂ ಸಾಕ್ಷಿಗೆ ಕರೆಯುವುದು ಒಬ್ಬನನ್ನೇ, ಇಸ್ರಾಯೇಲರ ಮೂಲಪುರುಷನಾದ ಅಬ್ರಹಾಮನನ್ನು. ಇಬ್ಬರೂ ಉದಾಹರಿಸುವುದು ಒಂದೇ ವಾಕ್ಯವನ್ನು, ಆದಿಕಾಂಡದ ೧೫ನೆಯ ಅಧ್ಯಾಯದ ೬ನೆಯ ವಚನವನ್ನು. ಒಂದೇ ಆಧಾರವಾಕ್ಯದಿಂದ ಇಬ್ಬರು ಲೇಖಕರು ಎದುರುಬದುರಾದ ತೀರ್ಮಾನಗಳಿಗೆ ಬಂದಂತೆ ತೋರುತ್ತದೆ.

ಈ ಸಮಸ್ಯೆಗೆ ಎರಡು ಬಗೆಯ ಉತ್ತರಗಳು ಪ್ರಸಿದ್ಧವಾಗಿವೆ. ಇವರಿಬ್ಬರಲ್ಲಿ ಇರುವುದು ನೇರವಾದ ವಿರೋಧ, ಒಬ್ಬನನ್ನು ಒಪ್ಪಿದರೆ ಮತ್ತೊಬ್ಬನನ್ನು ಬಿಡಲೇಬೇಕು ಎಂಬುದು ಒಂದು. ವಿರೋಧವೆಂಬುದೇ ಇಲ್ಲ, ಇಬ್ಬರೂ ಒಂದೇ ಮಾತನ್ನು ಬೇರೆಬೇರೆ ರೀತಿಯಲ್ಲಿ ಹೇಳುತ್ತಾರೆ ಎಂಬುದು ಇನ್ನೊಂದು. ಎರಡೂ ಉತ್ತರಗಳು ಪತ್ರಗಳ ಪಾಠವನ್ನು ಸಾಕಷ್ಟು ಸಾವಧಾನದಿಂದ ಓದಿದುದರ ಫಲವಲ್ಲವೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಯಾವ ಮತ ಸರಿ ಎಂಬ ನಿರ್ಣಯ ಇಲ್ಲಿನ ವಿಷಯವಲ್ಲ. ಒಂದು ವಾಕ್ಯವು ಇಬ್ಬರು ವ್ಯಾಖ್ಯಾನಕಾರರ ಕೈಯಲ್ಲಿ ಯಾವ ಪ್ರಶ್ನೆಗೆ ಉತ್ತರವಾಯಿತು ಎಂಬುದೇ ಇಲ್ಲಿನ ವಿಚಾರ. ಪ್ರಶ್ನೆಯನ್ನು ಗುರುತಿಸದೆ ಉತ್ತರವನ್ನು ಮಾತ್ರ ಹಿಡಿದುದರಿಂದಲೇ ಈ ವಿಷಯದಲ್ಲಿ ಎಷ್ಟೋ ಅನರ್ಥಗಳು ಹುಟ್ಟಿವೆ. ಅವುಗಳಲ್ಲಿ ಕೆಲವು ಗ್ರಂಥಗಳ ಪುಟಗಳಲ್ಲೇ ಉಳಿಯಲಿಲ್ಲ.

೨

ಮೊದಲು ಆಧಾರವಾಕ್ಯವನ್ನೇ ನೋಡೋಣ. ಪ್ರಕರಣ ಸರಳವಾದುದು. ವೃದ್ಧನಾದ ಅಬ್ರಾಮನಿಗೆ ಮಕ್ಕಳಿಲ್ಲ; ಅವನಿಗೆ ಅಬ್ರಹಾಮನೆಂಬ ಹೆಸರು ಇನ್ನೂ ಬಂದಿಲ್ಲ. ದೇವರು ಅವನನ್ನು ಹೊರಗೆ ಕರೆದು, ಆಕಾಶದ ನಕ್ಷತ್ರಗಳನ್ನು ತೋರಿಸಿ, ನಿನ್ನ ಸಂತಾನವು ಇವುಗಳಂತೆ ಎಣಿಕೆಗೆ ಮೀರಿದುದಾಗುವುದೆಂದು ವಾಗ್ದಾನಮಾಡುತ್ತಾನೆ. ಅಬ್ರಾಮನು ಆ ಮಾತನ್ನು ನಂಬುತ್ತಾನೆ. ಆ ನಂಬಿಕೆ ಅವನ ಲೆಕ್ಕಕ್ಕೆ ನೀತಿಯೆಂದು ಸೇರಿಸಲ್ಪಡುತ್ತದೆ. ಕಥೆಗಾರನು ಹೇಳುವುದು ಇಷ್ಟೇ.

ಇಲ್ಲಿ ಮೂರು ಪದಗಳು ಮುಖ್ಯವಾದುವು. ನಂಬಿದನೆಂಬುದಕ್ಕೆ ಬಳಸಿರುವ ಹೀಬ್ರೂ ಕ್ರಿಯಾಪದದ ಧಾತುವು ಸ್ಥಿರತೆ, ದೃಢತೆ ಎಂಬ ಅರ್ಥವುಳ್ಳದ್ದು. ಪ್ರಾರ್ಥನೆಯ ಕೊನೆಯಲ್ಲಿ ನುಡಿಯುವ 'ಆಮೆನ್' ಎಂಬುದೂ ಅದೇ ಧಾತುವಿನಿಂದ ಬಂದುದು. ಆದುದರಿಂದ ಇದು ಒಂದು ಸಿದ್ಧಾಂತವನ್ನು ಬುದ್ಧಿಯಿಂದ ಒಪ್ಪುವುದಕ್ಕಿಂತ, ಒಬ್ಬರ ಮಾತಿನ ಮೇಲೆ ಭಾರಹಾಕಿ ನಿಲ್ಲುವುದನ್ನು ಸೂಚಿಸುತ್ತದೆ. ಕ್ರಿಸ್ತಪೂರ್ವದಲ್ಲೇ ಆದ ಸೆಪ್ತುವಜಿಂತ್ ಎಂಬ ಗ್ರೀಕ್ ಅನುವಾದದಲ್ಲಿ ಇದಕ್ಕೆ 'ಪಿಸ್ತಿಸ್' ಎಂಬ ನಾಮಪದಕ್ಕೆ ಸಂಬಂಧಪಟ್ಟ ಕ್ರಿಯಾರೂಪವನ್ನು ಉಪಯೋಗಿಸಿದೆ. ಆ ಗ್ರೀಕ್ ಪದಕ್ಕೆ ನಂಬಿಕೆ, ಭರವಸೆ, ನಿಷ್ಠೆ, ಮಾತಿಗೆ ತಪ್ಪದಿರುವಿಕೆ ಎಂಬ ಅರ್ಥಗಳೆಲ್ಲ ಉಂಟು. 'ಎಣಿಸಲ್ಪಟ್ಟಿತು' ಎಂಬ ಎರಡನೆಯ ಪದ ವ್ಯಾಪಾರದ ಲೆಕ್ಕಪತ್ರಗಳಲ್ಲಿಯೂ ಬಳಕೆಯಲ್ಲಿದ್ದುದು. ಮೂರನೆಯದಾದ 'ನೀತಿ'ಯು ಕೇವಲ ಸದ್ಗುಣವಲ್ಲ. ಒಡಂಬಡಿಕೆಗೆ ಒಳಪಟ್ಟವರ ನಡುವೆ ಇರಬೇಕಾದ ಸರಿಯಾದ ಸಂಬಂಧವೂ ಆ ಪದದ ಅರ್ಥದಲ್ಲಿ ಸೇರಿದೆ.

ಪೌಲ ಯಾಕೋಬರಿಗೆ ಮುಂಚೆಯೇ ಈ ವಾಕ್ಯಕ್ಕೆ ಒಂದು ವ್ಯಾಖ್ಯಾನಪರಂಪರೆ ಇದ್ದಿತು. ಮಕ್ಕಬಿಯರ ಮೊದಲನೆಯ ಗ್ರಂಥದಲ್ಲಿ (೨:೫೨), ಮರಣಶಯ್ಯೆಯಲ್ಲಿರುವ ಮತ್ತಥೀಯನು ತನ್ನ ಮಕ್ಕಳಿಗೆ ಬುದ್ಧಿಹೇಳುತ್ತ, ಅಬ್ರಹಾಮನು ಶೋಧನೆಯಲ್ಲಿ ನಿಷ್ಠಾವಂತನಾಗಿ ಕಂಡುಬಂದುದೇ ಅವನಿಗೆ ನೀತಿಯಾಗಿ ಎಣಿಸಲ್ಪಟ್ಟಿತೆಂದು ನೆನಪಿಸುತ್ತಾನೆ. ಇಲ್ಲಿ ಶೋಧನೆಯೆಂಬ ಪದವು ಆದಿಕಾಂಡದ ೨೨ನೆಯ ಅಧ್ಯಾಯವನ್ನು, ಎಂದರೆ ತನ್ನ ಮಗನಾದ ಇಸಾಕನನ್ನು ಬಲಿಗೊಡಲು ಅಬ್ರಹಾಮನು ಸಿದ್ಧನಾದ ಪ್ರಸಂಗವನ್ನು ಸೂಚಿಸುತ್ತದೆ. ಹದಿನೈದನೆಯ ಅಧ್ಯಾಯದ ಫಲವನ್ನು ಇಪ್ಪತ್ತೆರಡನೆಯ ಅಧ್ಯಾಯದ ಕ್ರಿಯೆಗೆ ಸೇರಿಸಿ ಓದುವ ಪದ್ಧತಿ ಹೀಗೆ ಹಳೆಯದು. ಕೀರ್ತನೆಗಳ ಗ್ರಂಥದಲ್ಲಿಯೂ (೧೦೬:೩೧) ಇದೇ ನುಡಿಗಟ್ಟು ಫೀನೆಹಾಸನ ಒಂದು ಉಗ್ರಕೃತ್ಯದ ವಿಷಯದಲ್ಲಿ ಬರುತ್ತದೆ. ಆದುದರಿಂದ ಯಾಕೋಬನು ಹೊಸ ದಾರಿಯನ್ನು ತುಳಿದವನಲ್ಲ. ಪರಂಪರೆಯ ದಾರಿಯಲ್ಲಿ ನಡೆದವನು. ವಾಕ್ಯವನ್ನು ಪರಂಪರೆಯ ಓದಿನಿಂದ ಬಿಡಿಸಿ, ಅದು ಕಥೆಯಲ್ಲಿ ನಿಂತಿರುವ ಸ್ಥಳದಲ್ಲಿಯೇ ಓದಬೇಕೆಂದು ಪಟ್ಟುಹಿಡಿದವನು ಪೌಲ. ಈ ಅಂಶವನ್ನು ಇಬ್ಬರನ್ನೂ ಹೋಲಿಸುವವರು ಹಲವೊಮ್ಮೆ ಮರೆಯುತ್ತಾರೆ.

೩

ಒಂದು ಪ್ರಬಂಧದ ತಾತ್ಪರ್ಯವನ್ನು ನಿರ್ಣಯಿಸಲು ಅದರ ಉಪಕ್ರಮ ಉಪಸಂಹಾರಗಳನ್ನೂ ಅದರಲ್ಲಿ ಮತ್ತೆಮತ್ತೆ ಬರುವ ಮಾತುಗಳನ್ನೂ ಪರೀಕ್ಷಿಸಬೇಕೆಂಬ ನಿಯಮವು ನಮ್ಮ ಮೀಮಾಂಸಾಶಾಸ್ತ್ರಕ್ಕೆ ಪರಿಚಿತವಾದುದು. ಗಲಾತ್ಯದವರಿಗೆ ಬರೆದ ಪತ್ರಕ್ಕೆ ಇದನ್ನು ಅನ್ವಯಿಸಿದರೆ ತಾತ್ಪರ್ಯವು ಸ್ಪಷ್ಟವಾಗುತ್ತದೆ. ಪೌಲನು ತನ್ನ ಪತ್ರಗಳ ಆರಂಭದಲ್ಲಿ ಸಾಮಾನ್ಯವಾಗಿ ಹೇಳುವ ಕೃತಜ್ಞತಾವಚನ ಈ ಪತ್ರದಲ್ಲಿಲ್ಲ. ಅದರ ಸ್ಥಾನದಲ್ಲಿ, ಇಷ್ಟು ಬೇಗ ಬೇರೊಂದು ಸುವಾರ್ತೆಗೆ ತಿರುಗಿದಿರಲ್ಲಾ ಎಂಬ ಗದರಿಕೆ ಇದೆ. ಪತ್ರದ ಕೊನೆಯಲ್ಲಿ ತನ್ನ ಸ್ವಹಸ್ತದಿಂದ ದೊಡ್ಡ ಅಕ್ಷರಗಳಲ್ಲಿ ಬರೆಯುವಾಗ ಅವನು ಎತ್ತುವ ವಿಷಯ ಸುನ್ನತಿ. ನಡುವೆಯೂ ಅದೇ ವಿಷಯ: ಯೆರೂಸಲೇಮಿನಲ್ಲಿ ಗ್ರೀಕನಾದ ತೀತನಿಗೆ ಸುನ್ನತಿಯ ಬಲವಂತವಾಗಲಿಲ್ಲವೆಂಬುದು ಎರಡನೆಯ ಅಧ್ಯಾಯದಲ್ಲಿ, ಸುನ್ನತಿಯನ್ನು ಮಾಡಿಸಿಕೊಂಡರೆ ಸಮಗ್ರ ಧರ್ಮಶಾಸ್ತ್ರಕ್ಕೂ ಬದ್ಧರಾಗುವಿರೆಂಬ ಎಚ್ಚರಿಕೆ ಐದನೆಯ ಅಧ್ಯಾಯದಲ್ಲಿ. ಯೆಹೂದ್ಯರಲ್ಲದ ಗಲಾತ್ಯದ ಕ್ರೈಸ್ತರು ದೇವಜನರಲ್ಲಿ ಸೇರಬೇಕಾದರೆ ಮೊದಲು ಯೆಹೂದ್ಯರಾಗಬೇಕೆ ಎಂಬುದೇ ಪತ್ರದ ಪ್ರಶ್ನೆ. ಮನುಷ್ಯನು ಸತ್ಕರ್ಮಗಳನ್ನು ಮಾಡಬೇಕೆ ಬೇಡವೆ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ.

ನಂಬಿಕೆ ಮತ್ತು ಧರ್ಮಶಾಸ್ತ್ರದ ಕ್ರಿಯೆಗಳು ಎಂಬ ಪ್ರಸಿದ್ಧವಾದ ವಿರೋಧವು ಪತ್ರದಲ್ಲಿ ಮೊದಲು ಬರುವುದು ಎಲ್ಲಿ ಎಂಬುದನ್ನು ಗಮನಿಸಬೇಕು. ಅದು ಒಂದು ಊಟದ ಪಂಕ್ತಿಯ ಜಗಳದ ಬೆನ್ನಿಗೇ ಬರುತ್ತದೆ. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರ ಸಂಗಡ ಕುಳಿತು ಊಟಮಾಡುತ್ತಿದ್ದನು. ಯಾಕೋಬನ ಕಡೆಯಿಂದ ಕೆಲವರು ಬಂದಮೇಲೆ ಅವನು ಅಂಜಿ ಪಂಕ್ತಿಯನ್ನು ಬಿಟ್ಟು ಹಿಂದೆಗೆದನು. ಉಳಿದ ಯೆಹೂದ್ಯ ಕ್ರೈಸ್ತರೂ, ಪೌಲನ ಸಹಚರನಾದ ಬಾರ್ನಬನೂ ಅವನನ್ನೇ ಅನುಸರಿಸಿದರು. ಪೌಲನು ಎಲ್ಲರ ಮುಂದೆ ಪೇತ್ರನನ್ನು ಮುಖಾಮುಖಿಯಾಗಿ ಎದುರಿಸಿದನು. ಮನುಷ್ಯನು ನೀತಿವಂತನೆನಿಸುವುದು ಹೇಗೆಂಬ ಮಾತು ಈ ಎದುರಿಸುವಿಕೆಯ ಮುಂದುವರಿಕೆಯಾಗಿ (೨:೧೬) ಬಂದಿದೆ. 'ಧರ್ಮಶಾಸ್ತ್ರದ ಕ್ರಿಯೆಗಳು' ಎಂಬ ನುಡಿ ಆ ಒಂದು ವಚನದಲ್ಲಿ ಮೂರು ಸಲ ಬರುತ್ತದೆ. ಪಂಕ್ತಿಭೇದದ ಅರ್ಥವನ್ನು ವಿವರಿಸಿ ಹೇಳಬೇಕಾಗಿಲ್ಲದ ನಾಡಿನಲ್ಲಿರುವ ನಮಗೆ ಈ ಸನ್ನಿವೇಶದ ತೀಕ್ಷ್ಣತೆ ಸುಲಭವಾಗಿ ತಿಳಿಯಬಲ್ಲುದು. ಯಾರ ಸಂಗಡ ಯಾರು ಉಣ್ಣಬಹುದು ಎಂಬುದರಲ್ಲಿ ಯಾರು ಒಳಗಿನವರು ಎಂಬ ತೀರ್ಪು ಅಡಗಿರುತ್ತದೆ.

ಆ ನುಡಿಯ ಅರ್ಥಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಹೊಸದೊಂದು ಬೆಳಕು ದೊರೆಯಿತು. ಮೃತಸಮುದ್ರದ ಬಳಿಯ ಕುಮ್ರಾನಿನ ನಾಲ್ಕನೆಯ ಗವಿಯಲ್ಲಿ ದೊರೆತು, ೧೯೯೪ರಲ್ಲಿ ವಿಧಿವತ್ತಾಗಿ ಸಂಪಾದಿತವಾಗಿ ಪ್ರಕಟವಾದ ಒಂದು ಹೀಬ್ರೂ ಲೇಖನದಲ್ಲಿ, ಧರ್ಮಶಾಸ್ತ್ರದ ಕ್ರಿಯೆಗಳು ಎಂಬುದಕ್ಕೆ ಸರಿಸಮಾನವಾದ ನುಡಿ ಇದೆ. ಅಲ್ಲಿ ಅದು ಸಾಮಾನ್ಯ ಸತ್ಕಾರ್ಯಗಳನ್ನು ಹೇಳದೆ, ಶುದ್ಧಿ, ಬಲಿ ಮೊದಲಾದ ವಿಷಯಗಳಲ್ಲಿ ಒಂದು ಪಂಗಡವನ್ನು ಮತ್ತೊಂದರಿಂದ ಬೇರ್ಪಡಿಸುವ ನಿರ್ದಿಷ್ಟ ಆಚಾರಗಳನ್ನು ಸೂಚಿಸುತ್ತದೆ. ಆ ಲೇಖನದ ಕೊನೆಗೆ, ಇವುಗಳನ್ನು ಅನುಸರಿಸಿದರೆ ಅದು ನಿಮಗೆ ನೀತಿಯಾಗಿ ಎಣಿಸಲ್ಪಡುವುದು ಎಂಬರ್ಥದ ಮಾತೂ ಬರುತ್ತದೆ. ಪೌಲನು ಹೋರಾಡಿದುದು ತಾನೇ ಕಲ್ಪಿಸಿಕೊಂಡ ಪೂರ್ವಪಕ್ಷದೊಡನೆ ಅಲ್ಲವೆಂಬುದಕ್ಕೆ ಇದು ಸಾಕ್ಷಿ.

ಈ ಸಂದರ್ಭದಲ್ಲಿ ಕನ್ನಡ ಅನುವಾದಗಳ ವಿಷಯವಾಗಿ ಒಂದು ಮಾತು ಪ್ರಸ್ತುತವಾಗಿದೆ. ಗ್ರೀಕಿನ 'ನೋಮೋಸ್' ಎಂಬುದನ್ನು ಕನ್ನಡ ಸತ್ಯವೇದದ ಒಂದು ಅನುವಾದ 'ನ್ಯಾಯಪ್ರಮಾಣ' ಎಂದೂ ಮತ್ತೊಂದು 'ಧರ್ಮಶಾಸ್ತ್ರ' ಎಂದೂ ಕರೆದಿವೆ. ಈ ಎರಡನೆಯ ಅನುವಾದವು ಪೌಲನ 'ಕ್ರಿಯೆಗಳು' ಎಂಬ ಪದದ ಸ್ಥಾನದಲ್ಲಿ 'ನೇಮನಿಷ್ಠೆಗಳು' ಎಂದು ಹಾಕಿ, ಯಾಕೋಬನ ಪತ್ರದಲ್ಲಿ ಅದೇ ಗ್ರೀಕ್ ಪದಕ್ಕೆ 'ಕ್ರಿಯೆಗಳು' ಎಂಬುದನ್ನೇ ಉಳಿಸಿಕೊಂಡಿದೆ. ಮೂಲದಲ್ಲಿ ಒಂದೇ ಆದ ಪದಕ್ಕೆ ಎರಡನ್ನು ಉಪಯೋಗಿಸಿದುದರಿಂದ ಇಬ್ಬರು ಲೇಖಕರ ಮಾತಿನ ಘರ್ಷಣೆ ಕನ್ನಡ ಓದುಗನ ಕಿವಿಗೆ ಬೀಳುವುದಿಲ್ಲ, ಇದು ನಷ್ಟ. ಆದರೆ 'ನೇಮನಿಷ್ಠೆ' ಎಂಬ ಪದವು ಆಚಾರದ ಕಟ್ಟುಗಳನ್ನು ಸೂಚಿಸುವುದರಿಂದ, ಪೌಲನು ಸತ್ಕಾರ್ಯಗಳನ್ನೇ ನಿರಾಕರಿಸಿದನೆಂಬ ತಪ್ಪುಕಲ್ಪನೆಗೆ ಅದು ಎಡೆಕೊಡುವುದಿಲ್ಲ, ಇದು ಲಾಭ. ಅನುವಾದವೂ ಒಂದು ವ್ಯಾಖ್ಯಾನವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಾಗಿಲ್ಲ.

ಇನ್ನು ಅಬ್ರಹಾಮನ ವಾಕ್ಯವನ್ನು ಪೌಲನು ಉಪಯೋಗಿಸುವ ರೀತಿ. ಅವನ ವಾದವೆಲ್ಲ ಕಾಲಕ್ರಮದ ಮೇಲೆ ನಿಂತಿದೆ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ, ವಾಗ್ದಾನವಾದ ೪೩೦ ವರ್ಷಗಳ ಮೇಲೆ ಬಂದ ಧರ್ಮಶಾಸ್ತ್ರವು ಆ ವಾಗ್ದಾನವನ್ನು ರದ್ದುಪಡಿಸಲಾರದೆಂದು ಅವನು ಹೇಳುತ್ತಾನೆ (೩:೧೭). ರೋಮಾಪುರದವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ವಾದ ಇನ್ನೂ ಸೂಕ್ಷ್ಮವಾಗುತ್ತದೆ. ಅಬ್ರಹಾಮನ ನಂಬಿಕೆ ನೀತಿಯೆಂದು ಎಣಿಕೆಯಾದುದು ಯಾವಾಗ? ಸುನ್ನತಿಗೆ ಮೊದಲೋ ಅನಂತರವೋ? ಆದಿಕಾಂಡವನ್ನು ತೆರೆದು ನೋಡಿದರೆ ಉತ್ತರ ಸಿದ್ಧವಾಗಿದೆ. ನಂಬಿಕೆಯ ವಾಕ್ಯವಿರುವುದು ೧೫ನೆಯ ಅಧ್ಯಾಯದಲ್ಲಿ. ಸುನ್ನತಿಯ ವಿಧಿ ಬರುವುದು ೧೭ರಲ್ಲಿ. ಇವೆರಡರ ನಡುವೆ ಇಷ್ಮಾಯೇಲನು ಹುಟ್ಟಿದಾಗ ಅಬ್ರಹಾಮನಿಗೆ ೮೬ ವರ್ಷ, ಸುನ್ನತಿಯಾದಾಗ ೯೯ ವರ್ಷ. ಎಂದರೆ ಕಡಮೆಯೆಂದರೂ ೧೩ ವರ್ಷ ಅಬ್ರಹಾಮನು ಸುನ್ನತಿಯಿಲ್ಲದೆಯೇ ನೀತಿವಂತನಾಗಿದ್ದನು. ಆದುದರಿಂದ ಅವನು ಸುನ್ನತಿಯಿಲ್ಲದ ನಂಬುವವರಿಗೂ ತಂದೆ. ಪ್ರತಿಪಕ್ಷದವರು ಅಬ್ರಹಾಮನನ್ನು ಯೆಹೂದ್ಯತ್ವದ ಮೊದಲ ಮಾದರಿಯಾಗಿ ತೋರಿಸುತ್ತಿದ್ದರೆ, ಪೌಲನು ಅದೇ ಗ್ರಂಥದಿಂದ ಅವನನ್ನು ಅನ್ಯಜನರ ಮೊದಲ ಮಾದರಿಯಾಗಿ ಎತ್ತಿ ತೋರಿಸುತ್ತಾನೆ. ವಾದಕೌಶಲದಲ್ಲಿ ಇದು ಅಸಾಧಾರಣವಾದುದು. ಗ್ರಂಥದ ಅಧ್ಯಾಯಕ್ರಮವನ್ನೇ ಪ್ರಮಾಣವಾಗಿ ಮಾಡಿಕೊಂಡಿರುವುದರಿಂದ ಇದನ್ನು ಅಲ್ಲಗಳೆಯುವುದೂ ಸುಲಭವಲ್ಲ.

ಧರ್ಮಶಾಸ್ತ್ರವನ್ನು ಪೌಲನು ಹೀನೈಸುತ್ತಾನೆಯೆ? ಅದನ್ನು ಅವನು 'ಪೈದಗೋಗಸ್' ಎಂಬವನಿಗೆ ಹೋಲಿಸುತ್ತಾನೆ. ಈತನು ಉಪಾಧ್ಯಾಯನಲ್ಲ, ಶ್ರೀಮಂತರ ಮನೆಯ ಹುಡುಗನನ್ನು ಕೈಹಿಡಿದು ಪಾಠಶಾಲೆಗೆ ಕರೆದುಕೊಂಡು ಹೋಗಿ ಕಾಯುತ್ತಿದ್ದ ದಾಸನು. ಹುಡುಗನು ದೊಡ್ಡವನಾದ ಮೇಲೆ ಅವನ ಕೆಲಸ ಮುಗಿಯುತ್ತದೆ. ಇಲ್ಲಿ ಅವಧಿಯ ಮಾತಿದೆ, ನಿಂದೆಯ ಮಾತಿಲ್ಲ. ಅದೇ ಪತ್ರದಲ್ಲಿ ಪೌಲನು, ಸಮಸ್ತ ಧರ್ಮಶಾಸ್ತ್ರವೂ ನೆರೆಯವನನ್ನು ಪ್ರೀತಿಸಬೇಕೆಂಬ ಒಂದು ವಿಧಿಯಲ್ಲಿ ನೆರವೇರುತ್ತದೆಯೆಂದೂ (೫:೧೪), ಕ್ರಿಸ್ತನಲ್ಲಿ ಬೆಲೆಯುಳ್ಳದ್ದು ಪ್ರೀತಿಯ ಮೂಲಕ ಕೆಲಸಮಾಡುವ ನಂಬಿಕೆಯೆಂದೂ (೫:೬) ಹೇಳಿರುವುದನ್ನು ಮರೆಯಲಾಗದು.

೪

ಯಾಕೋಬನ ಪತ್ರದ ಪ್ರಪಂಚವೇ ಬೇರೆ. ಅದರಲ್ಲಿ ಸುನ್ನತಿಯ ಪ್ರಸ್ತಾಪವಿಲ್ಲ; ಸಬ್ಬತ್ತಿನ ಪ್ರಸ್ತಾಪವಿಲ್ಲ; ಆಹಾರನಿಷೇಧಗಳ ಪ್ರಸ್ತಾಪವೂ ಇಲ್ಲ. ಎರಡನೆಯ ಅಧ್ಯಾಯವು ಆರಂಭವಾಗುವುದು, ಸಭೆಗೆ ಬಂದ ಚಿನ್ನದುಂಗುರದ ಶ್ರೀಮಂತನಿಗೆ ಒಳ್ಳೆಯ ಪೀಠವನ್ನು ಕೊಟ್ಟು, ಕೊಳಕುಬಟ್ಟೆಯ ಬಡವನನ್ನು ಕಾಲಬಳಿ ಕೂರಿಸುವವರನ್ನು ಖಂಡಿಸುವುದರಿಂದ. ಅನಂತರ ಬರುವ ದೃಷ್ಟಾಂತವೂ ಬಡತನದ್ದೇ: ಹೊದೆಯಲು ಬಟ್ಟೆಯಿಲ್ಲದ, ಆ ದಿನದ ಅನ್ನವಿಲ್ಲದ ಸಹೋದರನಿಗೆ ಕೈಯಿಂದ ಏನನ್ನೂ ಕೊಡದೆ, ಬೆಚ್ಚಗಿರು, ಹೊಟ್ಟೆತುಂಬಿಸಿಕೋ ಎಂದು ಹರಸಿ ಕಳುಹಿಸಿದರೆ ಪ್ರಯೋಜನವೇನು ಎಂದು ಯಾಕೋಬನು ಕೇಳುತ್ತಾನೆ. ಅವನು 'ಕ್ರಿಯೆ' ಎನ್ನುವುದು ಇಂಥ ಸಂದರ್ಭದಲ್ಲಿ ಕೈನೀಡುವುದನ್ನು. ಪೌಲನು ಗಲಾತ್ಯದಲ್ಲಿ ಬೇಡವೆಂದುದು ಇದನ್ನಲ್ಲ.

'ನಂಬಿಕೆ'ಯ ಅರ್ಥವೂ ಇಲ್ಲಿ ಬೇರೆ. ಯಾಕೋಬನು ಟೀಕಿಸುವ ನಂಬಿಕೆಯೆಂದರೆ ದೇವರು ಒಬ್ಬನೇ ಎಂದು ಒಪ್ಪುವುದು. ಅಷ್ಟನ್ನು ದೆವ್ವಗಳೂ ಒಪ್ಪುತ್ತವೆ, ಒಪ್ಪಿ ನಡುಗುತ್ತವೆ ಎಂದು ಅವನು ಕಟುವಾಗಿ ನುಡಿಯುತ್ತಾನೆ. ವಾಗ್ದಾನದ ಮೇಲೆ ಭಾರಹಾಕಿ ನಿಲ್ಲುವ ಪೌಲನ ನಂಬಿಕೆ ದೆವ್ವಗಳಿಗೆ ಸಾಧ್ಯವಾದುದಲ್ಲ.

ಅಬ್ರಹಾಮನ ಕಥೆಯಲ್ಲಿ ಯಾಕೋಬನು ಹಿಡಿಯುವುದು ೨೨ನೆಯ ಅಧ್ಯಾಯವನ್ನು. ಇಸಾಕನನ್ನು ಬಲಿಪೀಠದ ಮೇಲೆ ಇಟ್ಟಾಗ ೧೫ನೆಯ ಅಧ್ಯಾಯದ ವಾಕ್ಯವು ನೆರವೇರಿತು ಎಂಬುದು ಅವನ ಮಾತು. ಈ 'ನೆರವೇರಿತು' ಎಂಬ ಪದದಲ್ಲಿ ಅವನ ವ್ಯಾಖ್ಯಾನದ ಸಾರವಿದೆ. ೧೫ನೆಯ ಅಧ್ಯಾಯದ ನಂಬಿಕೆ ಸುಳ್ಳೆಂದು ಅವನು ಹೇಳುವುದಿಲ್ಲ. ಅದು ಬೀಜವೆಂದೂ ೨೨ನೆಯ ಅಧ್ಯಾಯದಲ್ಲಿ ಅದು ಫಲಿಸಿತೆಂದೂ ಅವನ ಅಭಿಪ್ರಾಯ. ಎರಡನೆಯ ನಿದರ್ಶನವಾಗಿ ಅವನು ತರುವ ರಾಹಾಬಳು ವೇಶ್ಯೆ, ಅನ್ಯಜನಾಂಗದವಳು. ಜಾತಿಯ ಗೋಡೆಯನ್ನು ಎತ್ತುವುದು ಯಾಕೋಬನ ಉದ್ದೇಶವಾಗಿದ್ದರೆ ಈ ಸ್ತ್ರೀಯನ್ನು ಅವನು ಅಬ್ರಹಾಮನ ಪಕ್ಕದಲ್ಲಿ ನಿಲ್ಲಿಸುತ್ತಿರಲಿಲ್ಲ.

ಇಷ್ಟರಿಂದ, ಇಬ್ಬರ ನಡುವೆ ವಿರೋಧವೇ ಇಲ್ಲವೆಂದು ಹೇಳಿ ಮುಗಿಸಿಬಿಡುವ ಆಸೆಯಾಗುತ್ತದೆ. ಆದರೆ ಪಾಠವು ಅದಕ್ಕೆ ಅವಕಾಶಕೊಡುವುದಿಲ್ಲ. ನಂಬಿಕೆ, ಕ್ರಿಯೆ, ನೀತಿವಂತನೆನಿಸುವುದು ಎಂಬ ಮೂರು ಪದಗಳು, ಅಬ್ರಹಾಮನ ನಿದರ್ಶನ, ಒಂದೇ ಆಧಾರವಾಕ್ಯ, ಇಷ್ಟೂ ಎರಡು ಕಡೆಯೂ ಆಕಸ್ಮಿಕವಾಗಿ ಕೂಡಿಬಂದುವೆಂದು ನಂಬುವುದು ಕಷ್ಟ. 'ನಂಬಿಕೆಯಿಂದ ಮಾತ್ರ' ಎಂಬ ಪದಸಮುಚ್ಚಯವು ಹೊಸ ಒಡಂಬಡಿಕೆಯಲ್ಲೆಲ್ಲ ಬರುವುದು ಒಂದೇ ಕಡೆ, ಯಾಕೋಬನ ಪತ್ರದ ೨:೨೪ರಲ್ಲಿ; ಅಲ್ಲಿ ಅದರ ಹಿಂದೆ ನಿಷೇಧವಿದೆ. ಯಾಕೋಬನ ಪತ್ರದ ಕಾಲವೂ ಕರ್ತೃತ್ವವೂ ವಿವಾದಗ್ರಸ್ತವಾಗಿರುವುದರಿಂದ, ಅವನು ಪೌಲನ ಪತ್ರಗಳನ್ನೇ ಓದಿ ಉತ್ತರಕೊಟ್ಟನೆಂದು ನಿಶ್ಚಯವಾಗಿ ಹೇಳಲಾಗುವುದಿಲ್ಲ. ಆದರೆ ಪೌಲನ ಬೋಧೆಯು ಪ್ರಸಂಗದಿಂದ ಬೇರ್ಪಟ್ಟು ಘೋಷವಾಕ್ಯವಾಗಿ ಹರಡಿರಬಹುದೆಂಬ ಊಹೆಗೆ ಪೌಲನಲ್ಲಿಯೇ ಆಧಾರವಿದೆ. ಕೃಪೆ ಹೆಚ್ಚಲೆಂದು ಪಾಪದಲ್ಲಿಯೇ ಮುಂದುವರಿಯೋಣವೆ ಎಂಬ ಆಕ್ಷೇಪವನ್ನು ರೋಮಾಪುರದವರ ಪತ್ರದಲ್ಲಿ (೬:೧) ಅವನೇ ಎತ್ತಿ ನಿರಾಕರಿಸುತ್ತಾನೆ. ತನ್ನ ಬೋಧೆಯನ್ನು ಹೀಗೆ ತಿರುಚುವವರಿದ್ದರೆಂದು ಅದಕ್ಕೆ ಮೊದಲೇ (೩:೮) ದೂರಿದ್ದಾನೆ. ಯಾಕೋಬನು ಹೊಡೆದುದು ಪೌಲನನ್ನಲ್ಲದಿದ್ದರೂ ಪೌಲನ ಮಾತಿನ ನೆರಳನ್ನು ಎನ್ನಬಹುದು.

೫

ಮುಂದಿನ ಶತಮಾನಗಳ ವ್ಯಾಖ್ಯಾನಕಾರರಲ್ಲಿ ಅಗಸ್ಟೀನನು (೩೫೪–೪೩೦) ಸೂಚಿಸಿದ ಸಮಾಧಾನ ಬಹುಕಾಲ ನಿಂತಿತು: ಪೌಲನು ಹೇಳುವುದು ನಂಬಿಕೆಗೆ ಮುಂಚಿನ ಕ್ರಿಯೆಗಳನ್ನು, ಯಾಕೋಬನು ಹೇಳುವುದು ನಂಬಿಕೆಯ ಅನಂತರದ ಕ್ರಿಯೆಗಳನ್ನು. ಹದಿನಾರನೆಯ ಶತಮಾನದಲ್ಲಿ ಮಾರ್ಟಿನ್ ಲೂಥರನಿಗೆ ಇಂಥ ಸಮಾಧಾನ ರುಚಿಸಲಿಲ್ಲ. ೧೫೨೨ರಲ್ಲಿ ಪ್ರಕಟವಾದ ಅವನ ಜರ್ಮನ್ ಹೊಸ ಒಡಂಬಡಿಕೆಯಲ್ಲಿ ಎರಡು ಸಂಗತಿಗಳು ಎಲ್ಲರ ಗಮನವನ್ನು ಸೆಳೆದುವು. ರೋಮಾಪುರದವರ ಪತ್ರದ ೩:೨೮ರಲ್ಲಿ ಗ್ರೀಕ್ ಮೂಲದಲ್ಲಿ ಇಲ್ಲದ 'ಮಾತ್ರ' ಎಂಬ ಅರ್ಥದ ಪದವನ್ನು ಅವನು ಸೇರಿಸಿದನು. ಯಾಕೋಬನ ಪತ್ರವನ್ನು ಮುನ್ನುಡಿಯಲ್ಲಿ ಹುಲ್ಲಿಗೆ ಹೋಲಿಸಿ, ಇನ್ನು ಮೂರು ಗ್ರಂಥಗಳೊಡನೆ ಸಂಪುಟದ ಕೊನೆಗೆ ಸರಿಸಿದನು. ಹುಲ್ಲಿನ ಹೋಲಿಕೆಯನ್ನು ಅನಂತರದ ಮುದ್ರಣಗಳಲ್ಲಿ ಬಿಟ್ಟಿದೆ. ಸೇರಿಸಿದ ಪದವನ್ನು ಮಾತ್ರ ಅವನು ೧೫೩೦ರ ಬಹಿರಂಗಪತ್ರವೊಂದರಲ್ಲಿ ಸಮರ್ಥಿಸಿಕೊಂಡನು. ಒಂದನ್ನು ಅಲ್ಲಗಳೆದು ಮತ್ತೊಂದನ್ನು ಹೇಳುವಾಗ ಜರ್ಮನ್ ಭಾಷೆಯ ಜಾಯಮಾನವೇ ಆ ಪದವನ್ನು ಬೇಡುತ್ತದೆಂಬುದು ಅವನ ಸಮರ್ಥನೆಗಳಲ್ಲಿ ಒಂದು. ಈ ಮಾತನ್ನು ಹಾಸ್ಯಮಾಡಿ ತಳ್ಳಿಬಿಡುವಂತಿಲ್ಲ. ಕನ್ನಡದಲ್ಲಿಯೂ 'ನೇಮನಿಷ್ಠೆಯಿಂದಲ್ಲ, ನಂಬಿಕೆಯಿಂದಲೇ' ಎಂದು ಅವಧಾರಣೆಯ ಏಕಾರವನ್ನು ಹಾಕದೆ ಇಂಥ ವಾಕ್ಯವನ್ನು ಮುಗಿಸಿದರೆ ಕಿವಿಗೆ ಕೊರತೆಯೆನಿಸುತ್ತದೆ. ಆದರೆ ಏಕಾರವು ಹೇಳಿದ ವಿರೋಧದೊಳಗೇ ನಿಲ್ಲುತ್ತದೆ. 'ಮಾತ್ರ' ಎಂಬುದು ವಿರೋಧದ ಗಡಿಯನ್ನು ದಾಟಿ, ಉಳಿದುದೆಲ್ಲವನ್ನೂ ಹೊರಗೆ ಹಾಕಬಲ್ಲುದು. ಲೂಥರನಿಗೂ ಟ್ರೆಂಟಿನ ಸಭೆಗೂ ನಡೆದ ವಾದ ಬಹುಮಟ್ಟಿಗೆ ಈ ಅಂತರದಲ್ಲಿ ನಡೆಯಿತೆನ್ನಬಹುದು. ೧೫೪೭ರ ಜನವರಿ ೧೩ರಂದು ಆ ಸಭೆ ಅಂಗೀಕರಿಸಿದ ನಿರ್ಣಯವು ಯಾಕೋಬನ ೨:೨೪ನ್ನು ಪ್ರಮಾಣವಾಗಿ ಎತ್ತಿಕೊಂಡಿದೆ.

ಆದರೂ ಲೂಥರನು ಸತ್ಕಾರ್ಯಗಳ ವಿರೋಧಿಯೆಂಬ ಆಪಾದನೆ ನಿಲ್ಲಲಾರದು. ಅದೇ ೧೫೨೨ರಲ್ಲಿ ರೋಮಾಪುರದವರ ಪತ್ರಕ್ಕೆ ಬರೆದ ಮುನ್ನುಡಿಯಲ್ಲಿ, ನಿಜವಾದ ನಂಬಿಕೆಯು ಒಳ್ಳೆಯದನ್ನು ಮಾಡದೆ ಸುಮ್ಮನಿರಲಾರದ ಜೀವಂತಶಕ್ತಿಯೆಂದು ಅವನು ವಿವರಿಸಿದ್ದಾನೆ. ಯಾಕೋಬನನ್ನು ಹುಲ್ಲಿಗೆ ಹೋಲಿಸಿದ ಸಂಪುಟದಲ್ಲಿಯೇ ಯಾಕೋಬನ ಸಿದ್ಧಾಂತಕ್ಕೆ ಸ್ಥಳ ದೊರೆತಿರುವುದು ಸಾಹಿತ್ಯದ ದೃಷ್ಟಿಯಿಂದ ಸ್ವಾರಸ್ಯವಾಗಿದೆ.

ಲೂಥರನ ವ್ಯಾಖ್ಯಾನದ ನಿಜವಾದ ತೊಡಕು ಬೇರೆ ಕಡೆ ಇದೆ. ಪಾಪಭಾರದಿಂದ ಬಳಲಿದ ತನ್ನ ಅಂತಃಕರಣದ ಪ್ರಶ್ನೆಯನ್ನು ಅವನು ಪೌಲನ ಪ್ರಶ್ನೆಯೆಂದು ತಿಳಿದನು. ಪೌಲನಲ್ಲಿ ಅಂಥ ತಳಮಳ ಕಾಣುವುದಿಲ್ಲ. ಧರ್ಮಶಾಸ್ತ್ರದ ನೀತಿಯ ವಿಷಯದಲ್ಲಿ ತಾನು ನಿರ್ದೋಷಿಯಾಗಿದ್ದೆನೆಂದು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ (೩:೬) ಅವನೇ ಹೇಳಿಕೊಳ್ಳುತ್ತಾನೆ. ಇದನ್ನು ಸ್ವೀಡನ್ನಿನ ವಿದ್ವಾಂಸನಾದ ಕ್ರಿಸ್ತರ್ ಸ್ತೆಂಡಾಲನು ೧೯೬೩ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಎತ್ತಿತೋರಿಸಿದನು. ೧೯೭೭ರಲ್ಲಿ ಇ. ಪಿ. ಸ್ಯಾಂಡರ್ಸನು, ಪೌಲನ ಕಾಲದ ಯೆಹೂದ್ಯ ಗ್ರಂಥಗಳನ್ನು ವಿಸ್ತಾರವಾಗಿ ಪರಿಶೀಲಿಸಿ, ವಿಧಿಗಳನ್ನು ಆಚರಿಸಿ ಪುಣ್ಯವನ್ನು ಕೂಡಿಹಾಕಿ ರಕ್ಷಣೆಯನ್ನು ಕೊಂಡುಕೊಳ್ಳುವ ಮತವೆಂಬ ಯೆಹೂದ್ಯಮತದ ಚಿತ್ರ ತಪ್ಪೆಂದು ಪ್ರತಿಪಾದಿಸಿದನು. ದೇವರ ಕೃಪೆಯಿಂದ ಒಡಂಬಡಿಕೆಯಲ್ಲಿ ಸೇರಿದವರು ಅದರಲ್ಲಿ ಉಳಿಯುವುದಕ್ಕಾಗಿ ವಿಧಿಗಳನ್ನು ಆಚರಿಸುತ್ತಿದ್ದರು ಎಂಬುದು ಅವನ ಸಿದ್ಧಾಂತ. ಇದಕ್ಕೆ ಹಳೆಯ ಒಡಂಬಡಿಕೆಯ ರಚನೆಯೇ ಬೆಂಬಲವಾಗಿದೆ. ವಿಮೋಚನಕಾಂಡದ ೨೦ನೆಯ ಅಧ್ಯಾಯದಲ್ಲಿ ದಶಾಜ್ಞೆಗಳಿಗೆ ಮೊದಲು ಬರುವುದು ಐಗುಪ್ತದ ದಾಸತ್ವದಿಂದ ಬಿಡಿಸಿದ ದೇವರ ಪರಿಚಯ. ಬಿಡುಗಡೆ ಮೊದಲು, ವಿಧಿ ಅನಂತರ. ಜೇಮ್ಸ್ ಡನ್ನನು ೧೯೮೩ರಲ್ಲಿ ಪ್ರಕಟಿಸಿದ ಉಪನ್ಯಾಸದಲ್ಲಿ ಈ ದೃಷ್ಟಿಯನ್ನು ಪೌಲನ 'ಕ್ರಿಯೆಗಳು' ಎಂಬ ಪದಕ್ಕೆ ಅನ್ವಯಿಸಿ, ಅವು ಯೆಹೂದ್ಯರನ್ನು ಇತರರಿಂದ ಬೇರ್ಪಡಿಸುವ ಗುರುತುಗಳೆಂದು ವಾದಿಸಿದನು.

ಇದು ವಿದ್ವಾಂಸರ ಒಳಜಗಳವಷ್ಟೇ ಅಲ್ಲ. ನಂಬಿಕೆಗೂ ಧರ್ಮಶಾಸ್ತ್ರಕ್ಕೂ ಇರುವ ವಿರೋಧವನ್ನು ಕ್ರೈಸ್ತನಿಗೂ ಯೆಹೂದ್ಯನಿಗೂ ಇರುವ ವಿರೋಧವೆಂದು ಓದಿದುದರ ಪರಿಣಾಮ ಯೂರೋಪಿನ ಇತಿಹಾಸದಲ್ಲಿ ಬಹು ಘೋರವಾಗಿದೆ. ಯೆಹೂದ್ಯರ ಮೇಲೆ ೧೫೪೩ರಲ್ಲಿ ಲೂಥರನೇ ಬರೆದ ದ್ವೇಷಪೂರಿತ ಗ್ರಂಥವು ಇದಕ್ಕೆ ಸಾಕ್ಷಿ. ಎಲ್ಲರೂ ಒಂದು ಪಂಕ್ತಿಯಲ್ಲಿ ಕುಳಿತುಕೊಳ್ಳಲೆಂದು ಬರೆದ ವಾಕ್ಯವನ್ನು ಒಂದು ಜನಾಂಗವನ್ನು ಪಂಕ್ತಿಯಿಂದ ಎಬ್ಬಿಸಲು ಉಪಯೋಗಿಸಿದಂತಾಯಿತು. ಪ್ರಕರಣವನ್ನು ಬಿಟ್ಟು ವಾಕ್ಯವನ್ನು ಓದುವುದು ಎಷ್ಟು ಅ��ಾಯಕರವೆಂಬುದಕ್ಕೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕಿಲ್ಲ.

ಆದರೆ ಹೊಸ ದೃಷ್ಟಿಯೂ ಎಲ್ಲವನ್ನೂ ವಿವರಿಸುತ್ತದೆಯೆನ್ನಲಾಗದು. ಅದರ ಬಲವೂ ಮಿತಿಯೂ ರೋಮಾಪುರದವರ ಪತ್ರದ ಒಂದೆರಡು ಪುಟಗಳಲ್ಲಿಯೇ ಕಾಣುತ್ತವೆ. ೩:೨೮ರಲ್ಲಿ ನಂಬಿಕೆಯ ಸೂತ್ರವನ್ನು ಹೇಳಿದ ಕೂಡಲೆ ಪೌಲನು, ದೇವರು ಯೆಹೂದ್ಯರಿಗೆ ಮಾತ್ರ ದೇವರೋ, ಅನ್ಯಜನರಿಗೂ ಅಲ್ಲವೋ ಎಂದು ಕೇಳುತ್ತಾನೆ. ಸೂತ್ರವು ಯಾವ ಪ್ರಶ್ನೆಯ ಉತ್ತರವೆಂಬುದು ಇದರಿಂದ ಸ್ಪಷ್ಟ. ಇದು ಹೊಸ ದೃಷ್ಟಿಗೆ ಬಲ. ಆದರೆ ೪:೪–೫ರಲ್ಲಿ ಅವನು ಕೂಲಿಯ ದೃಷ್ಟಾಂತವನ್ನು ತರುತ್ತಾನೆ: ದುಡಿದವನಿಗೆ ಕೊಡುವುದು ಸಲ್ಲತಕ್ಕ ಸಂಬಳ, ಕೃಪೆಯಲ್ಲ, ದುಡಿಯದೆ ನಂಬುವವನಿಗಾದರೋ ನಂಬಿಕೆಯೇ ನೀತಿಯಾಗಿ ಎಣಿಕೆಯಾಗುತ್ತದೆ. ಇಲ್ಲಿ ಸುನ್ನತಿಯ ಗಡಿಯನ್ನು ಮೀರಿ, ಗಳಿಕೆಗೂ ದಾನಕ್ಕೂ ಇರುವ ಅಂತರವೇ ವಿಷಯವಾಗಿದೆ. ಮುಂದಿನ ವಚನಗಳಲ್ಲಿ ಪಾಪಕ್ಷಮೆಯನ್ನು ಹೊಗಳುವ ದಾವೀದನ ಮಾತನ್ನು ಉದಾಹರಿಸುವುದರಿಂದ ಇದು ಇನ್ನೂ ಖಚಿತವಾಗುತ್ತದೆ, ದಾವೀದನು ಸುನ್ನತಿಯಾದವನು. ಲೂಥರನು ಕೇಳಿದ ಸ್ವರ ಪತ್ರದಲ್ಲಿ ಇಲ್ಲದುದಲ್ಲ. ಒಂದು ಸ್ವರವನ್ನೇ ಇಡೀ ರಾಗವೆಂದು ಅವನು ತಿಳಿದುದು ದೋಷ.

೬

ಮೇಲಿನ ವಿಚಾರದಿಂದ ನಾವು ಈ ತೀರ್ಮಾನಗಳಿಗೆ ಬರಬಹುದು. ಮೊದಲನೆಯದಾಗಿ, ಪೌಲನು ಅಬ್ರಹಾಮನ ವಾಕ್ಯಕ್ಕೆ ಕೇಳಿದ ಪ್ರಶ್ನೆ 'ಯಾವಾಗ' ಎಂಬುದು. ಅದರಿಂದ ಪ್ರವೇಶದ ಹಕ್ಕು ನಿರ್ಧಾರವಾಯಿತು. ಯಾಕೋಬನು ಕೇಳಿದುದು 'ಮುಂದೇನಾಯಿತು' ಎಂಬುದು. ಅದರಿಂದ ಪ್ರವೇಶಿಸಿದವನ ಬಾಳು ಪರೀಕ್ಷೆಗೆ ಬಂದಿತು. ಎರಡನೆಯದಾಗಿ, ಇಬ್ಬರ ವಿರುದ್ಧ ಪದಗಳೂ ಬೇರೆ: ಒಬ್ಬನಲ್ಲಿ ನಂಬಿಕೆಗೆ ಎದುರಾಗಿ ನಿಂತಿರುವುದು ನೇಮನಿಷ್ಠೆಯ ಷರತ್ತು, ಮತ್ತೊಬ್ಬನಲ್ಲಿ ಕ್ರಿಯೆಗೆ ಎದುರಾಗಿ ನಿಂತಿರುವುದು ತುಟಿಯ ಒಪ್ಪಿಗೆ. ಮೂರನೆಯದಾಗಿ, ಹೀಗೆ ಹೇಳಿದ ಮಾತ್ರಕ್ಕೆ ಇಬ್ಬರಲ್ಲಿಯೂ ಏಕವಾಕ್ಯತೆ ಸಿದ್ಧಿಸುವುದಿಲ್ಲ. ನೀತಿವಂತನೆನಿಸುವುದು ಎಂಬ ಒಂದೇ ಕ್ರಿಯಾಪದವನ್ನು ಪೌಲನು ಆರಂಭದಲ್ಲಿಯೂ ಯಾಕೋಬನು ಪರಿಣಾಮದಲ್ಲಿಯೂ ಇಡುತ್ತಾರೆ. ತೀರ್ಪು ಬಂದಾಗಿದೆಯೆ, ಇನ್ನೂ ಬರಬೇಕಾಗಿದೆಯೆ ಎಂಬ ವಿಷಯದಲ್ಲಿ ಅವರ ಒತ್ತು ಬೇರೆಯಾಗಿಯೇ ಉಳಿಯುತ್ತದೆ. ಯಾಕೋಬನು ಆ ಪದವನ್ನು ನೀತಿಯನ್ನು ಪ್ರಕಟಪಡಿಸುವುದೆಂಬ ಅರ್ಥದಲ್ಲಿ ಬಳಸಿದನೆಂದು ಕಾಲ್ವಿನನು ಹೇಳಿದ ಸಮಾಧಾನ ಜಾಣತನದ್ದು. ಆದರೆ ಪತ್ರದ ಸಹಜವಾದ ಓದು ಅದಕ್ಕೆ ಪೂರ್ಣವಾಗಿ ಒಪ್ಪುವುದಿಲ್ಲ.

೧೯೯೯ರ ಅಕ್ಟೋಬರ್ ೩೧ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಲೂಥರನ್ ಸಭೆಗಳ ವಿಶ್ವಸಂಘವೂ ರೋಮನ್ ಕೆಥೊಲಿಕ್ ಸಭೆಯೂ ಈ ವಿಷಯವಾಗಿ ಒಂದು ಸಂಯುಕ್ತ ಘೋಷಣೆಗೆ ಸಹಿಹಾಕಿದುವು. ೨೦೦೬ರಲ್ಲಿ ಮೆಥೊಡಿಸ್ಟರೂ ೨೦೧೭ರಲ್ಲಿ ರಿಫಾರ್ಮ್ಡ್ ಸಭೆಗಳ ವಿಶ್ವಸಂಘವೂ ಅದರೊಡನೆ ಸೇರಿದರು. ಹದಿನಾರನೆಯ ಶತಮಾನದ ಪರಸ್ಪರ ಖಂಡನೆಗಳು ಈಗ ಈ ರೂಪದ ಬೋಧೆಗೆ ತಗಲುವುದಿಲ್ಲವೆಂಬುದು ಆ ಘೋಷಣೆಯ ಸಾರಾಂಶ. ಭಿನ್ನತೆಗಳು ಅಳಿದುವೆಂದು ಅದು ಹೇಳುವುದಿಲ್ಲ. ಉಳಿದ ಭಿನ್ನತೆಗಳನ್ನು ಸಹಿಸಬಹುದೆಂದು ಹೇಳುತ್ತದೆ. ಹೊಸ ಒಡಂಬಡಿಕೆಯ ಪ್ರಮಾಣಗ್ರಂಥಗಳ ಪಟ್ಟಿಯನ್ನು ನಿರ್ಧರಿಸಿದ ಪ್ರಾಚೀನರು ಮಾಡಿದುದೂ ಇದನ್ನೇ. ಯೂಸೇಬಿಯಸನ ಕಾಲಕ್ಕೂ ಯಾಕೋಬನ ಪತ್ರವು ವಿವಾದಕ್ಕೆ ಒಳಗಾಗಿದ್ದ ಗ್ರಂಥಗಳಲ್ಲಿ ಎಣಿಕೆಯಾಗಿದ್ದಿತು. ಆದರೂ ಕೊನೆಗೆ ಅದನ್ನು ಪೌಲನ ಪತ್ರಗಳೊಡನೆ ಒಂದೇ ಸಂಪುಟದಲ್ಲಿ ಸೇರಿಸಿದರು, ಎರಡರ ಮಾತನ್ನೂ ತಿದ್ದಲು ಹೋಗಲಿಲ್ಲ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕೆಂಬ ಯಾಜಕಕಾಂಡದ (೧೯:೧೮) ವಿಧಿಯನ್ನು ಇಬ್ಬರೂ, ಪೌಲನು ಗಲಾತ್ಯದವರಿಗೆ ಬರೆಯುತ್ತ, ಯಾಕೋಬನು ತನ್ನ ಎರಡನೆಯ ಅಧ್ಯಾಯದಲ್ಲಿ, ಉದಾಹರಿಸುತ್ತಾರೆ. ಅಬ್ರಹಾಮನ ವಾಕ್ಯದಲ್ಲಿ ಬೇರೆಯಾದವರು ಈ ವಾಕ್ಯದಲ್ಲಿ ಒಂದಾಗಿರುವುದನ್ನು ಗಮನಿಸಿ, ಇವರ ವ್ಯಾಖ್ಯಾನವನ್ನು ಕೈಗೊಳ್ಳುವವರು ಅಲ್ಲಿಂದ ಆರಂಭಿಸುವುದು ಉಚಿತವೆಂದು ತೋರುತ್ತದೆ.